ಹಲಗಿ ಹಿಡಿಯೋ ಹೆಬ್ಬಟ್ಟು

ಟಿಕೋಟಾದಾಗ, ಬಬಲೇಶ್ವರದಾಗ, ಕನಮಡಿ ಕಡೆ ಯಾರರ ಹೊಸಾ ಮನಿ ಕಟ್ಟಿಸಿ ಸ್ಲ್ಯಾಬಿನ ಮ್ಯಾಲ ನಿಂತು ಮೀಸಿ ತಿರುವಾಕತ್ತಿದ್ರ ನಾ ಮನಸಿನಾಗ ಅಂತೇನಿ, ತಿರುವಪ್ಪಾ ತಿರುವು, ನೀ ನಿಂತಿದ್ದು ನನ್ನ ಗಂಡನ ಬೆನ್ನ ಮ್ಯಾಲ. ಸುಳ್ಳಲ್ಲ ಇದು. ಕಲಬುರ್ಗಿ ಕಡೆ ಫ್ಯಾಕ್ಟರಿಯೊಳಗ ತುಂಬಿದ ಸಿಮೆಂಟ್ ಚೀಲ ಹೋಟಗಿ ಜಂಕ್ಷನ್ ಮ್ಯಾಲ ಹಾಯ್ದು ಗೂಡ್ಸ್ ಗಾಡ್ಯಾಗ ವಿಜಯಪುರಕ್ಕ ಬರ್ತಾವ. ಎಷ್ಟ ದೂರಿಂದ ತಂದ್ರೂ ರೈಲಿನ ಕೆಲಸ ಗೂಡ್ಸ್ ಶೆಡ್ಡಿಗೆ ಮುಗೀತು. ಲಾರಿ ಶೆಡ್ಡಿನ ಆಚಿ ಮಗ್ಗಲಕ ನಿಂತಿರ್ತೈತಿ. ನಡುವಿನ ನಾಕು ಹೆಜ್ಜಿ ರೈಲಿಗೂ ಬರಂಗಿಲ್ಲ, ಲಾರಿಗೂ ಬರಂಗಿಲ್ಲ. ಆ ನಾಕು ಹೆಜ್ಜಿಗೆ ಹಮಾಲ ಬೇಕು. ನಮ್ಮವರು ಆ ಹಮಾಲರ ಗ್ಯಾಂಗಿನಾಗಿದ್ರು.

ನಾನೂ ಅಲ್ಲೇ ಇರ್ತಿದ್ನಿ. ವ್ಯಾಗನ್ ಖಾಲಿ ಆದಮ್ಯಾಲ ಒಳಗ ಉದುರಿದ ಸಿಮೆಂಟ ಬಳಕೊಳ್ಳೂ ಹಕ್ಕು ಹಮಾಲರ ಹೆಂಡರದು. ಇದನ್ನ ಯಾರೂ ಬರದು ಕೊಟ್ಟಿಲ್ಲ, ಆದ್ರ ಬ್ಯಾರೆ ಹೆಣ್ಮಗಳು ಕಸಬರಿಗಿ ಹಿಡಕೊಂಡು ಬಂದ್ರ ಆಕಿ ಜಡಿ ಆಕಿ ತಲಿ ಮ್ಯಾಲ ಉಳೀತಿದ್ದಿಲ್ಲ. ಬಳದು, ಜರಡಿ ಹಿಡದು, ಗಡ್ಡಿ ಆರಿಸಿ ಒಗದು, ಗ್ವಾಡಿಗೆ ಗಿಲಾವ್ ಮಾಡಿಸೋ ಬಡವರಿಗೆ ಒಯ್ದು ಕೊಡ್ತಿದ್ವಿ. ನಾ ಹತ್ತನೇತ್ತ ಪಾಸಾದಾಕಿ. ಬರಿಯಾಕೂ ಬರ್ತೈತಿ, ಮಾತಾಡಾಕೂ ಬರ್ತೈತಿ. ಎರಡನೇದ್ದು ಸ್ವಲ್ಪ ಜಾಸ್ತೀನ ಆತು ಅಂತ ನಮ್ಮವರು ಗ್ಯಾಂಗಿನ ಮುಂದ ಹೇಳಿ ನಗ್ತಿದ್ರು.

ಚೀಲ ಹೊರೂದು ನೋಡಿದವರಿಗೆ ಅದು ಬೆನ್ನಿನ ಕೆಲಸ ಅನಸ್ತೈತಿ. ಅಲ್ಲ, ಅದು ಕಾಲಿನ ಕೆಲಸ. ಗೋಣಿತಟ್ಟು ಕೂಸಿನ ಕುಂಚಿಗಿ ಹಂಗ ತಲಿಗೆ ಹಾಕ್ಕೊಂಡು, ಬೆನ್ನ ಮ್ಯಾಲ ಚೀಲ ಇಡಿಸ್ಕೊಂಡು, ಶೆಡ್ಡಿನ ಕಟ್ಟಿಯಿಂದ ಲಾರಿಗೆ ಹಾಕಿದ ಹಲಗಿ ಮ್ಯಾಲ ಹಾಯ್ದು ಹೋಗಬೇಕು. ಲಾರಿ ಖಾಲಿ ಇದ್ದಾಗ ಹಲಗಿ ಸಪಾಟ ಇರ್ತೈತಿ. ಚೀಲ ಮ್ಯಾಲ ಚೀಲ ಬಿದ್ದಂಗ ಹಲಗೀನೂ ಮ್ಯಾಲ ಏರಿಸ್ತಾರ. ಕಡೀಕಡೀಗೆ ಅದು ಹಲಗಿ ಅಲ್ಲ, ನಿಚ್ಚಣಿಕಿ. ಅದರ ಮ್ಯಾಲ ಸಿಮೆಂಟಿನ ಹಿಟ್ಟು ಉದುರಿ ನುಣ್ಣಗಾಗಿರ್ತೈತಿ. ಚಪ್ಪಲಿ ಹಾಕ್ಕೊಂಡು ಹತ್ತಿದ್ರ ಜಾರೂದು ಗ್ಯಾರಂಟಿ. ಅದಕ್ಕ ಗ್ಯಾಂಗಿನಾಗ ಒಂದು ರೀತಿ ಇತ್ತು, ಹಲಗಿಗೆ ಬರಿಗಾಲು. ಯಾರೂ ಪಾದಕ್ಕ ಏನೂ ಹಾಕಂಗಿಲ್ಲ. ಗ್ಯಾಂಗಿನ ಮುಕಾದಮ ನಮ್ಮವರಿಗಿಂತ ಹಿರ್ಯಾ, ಒಂದು ಕಾಲದಾಗ ಅವರಿಗೆ ಚೀಲ ಹೊರೂದು ಕಲಿಸಿದಾಂವ. ಹೊಸಬ ಯಾರರ ಬೂಟು ಹಾಕ್ಕೊಂಡು ಬಂದ್ರ ಅವನ ಬೂಟು ಹಳಿ ಆಚಿ ಹೋಗಿ ಬೀಳ್ತಿತ್ತು.

ಹಲಗಿ ಹಿಡಿಯೂದು ಕಾಲಿನ ಹೆಬ್ಬಟ್ಟು. ಅದು ಊರಿದ್ರ ಮನಷ್ಯಾ ಊರಿದ. ನಮ್ಮವರ ಹೆಬ್ಬಟ್ಟು ಉಳಿದ ಬೆರಳ ಜೋಡಿ ಮಾತು ಬಿಟ್ಟಂಗ ದೂರ ಸರದು ನಿಂತಿತ್ತು. ಲಗ್ನದಾಗ ನಾ ತಲಿ ತಗ್ಗಿಸಿ ಕುಂತಿದ್ನಿ, ಅವರ ಮಾರಿ ಕಾಣ್ತಿದ್ದಿಲ್ಲ, ಆ ಹೆಬ್ಬಟ್ಟು ಮೊದಲ ಕಂಡಿತ್ತು. ನಗು ತಡಕೊಳ್ಳಾಕ ಆಗಲಿಲ್ಲ. ಆಮ್ಯಾಲ ಅವರು ಹಲಗಿ ಏರೂದು ನೋಡಿ ನಗು ನಿಂತು ಹೋತು. ಗ್ಯಾಂಗಿನಾಗ ಹಲಗಿ ಎಷ್ಟ ಎತ್ತರಾದ್ರೂ ಕೈ ಊರದ, ಉಸುರು ಬಿಡದ ಏರ್ತಿದ್ದಾಂವ ಅವರೊಬ್ಬರ. ಅವರು ಬ್ಯಾರೆ ಯಾವುದಕ್ಕೂ ಸೊಕ್ಕು ಮಾಡಿದವರಲ್ಲ, ಅದೊಂದಕ್ಕ ಮಾಡ್ತಿದ್ರು.

ಇನ್ನ ಬೆಲ್ಲದ ಮಾತು ಹೇಳಬೇಕು. ಹೇಳಾಕ ಹೋದ್ರ ಈಗ್ಲೂ ಮೈ ಉರೀತೈತಿ. ಸಿಮೆಂಟಿನ ಧೂಳಿ ಎದಿಯೊಳಗ ಕುಂದರ್ತೈತಿ, ಬೆಲ್ಲಾ ತಿಂದ್ರ ಕೆಳಗ ಇಳದು ಹೋಗ್ತೈತಿ ಅಂತ ಹಮಾಲರು ನಂಬ್ಯಾರ. ವ್ಯಾಗನ್ ಬಾಗಲಾ ತೆರ್ಯೂಕಿಂತ ಮೊದಲ ಒಂದು ಹೆಂಟಿ, ಮುಗದಮ್ಯಾಲ ಒಂದು ಹೆಂಟಿ. ನಡುವ ಚಾದ ಜೋಡಿ ಮತ್ತಿಷ್ಟು. ಈ ಬೆಲ್ಲ ಕೊಡಾಂವ ಗುತ್ತಿಗೆದಾರ. ಮೂಗಿಗೆ ಕಟ್ಟಿಕೊಳ್ಳಾಕ ಒಂದು ಮಾಸ್ಕ್ ಕೊಡ್ರಿ ಅಂತ ನಾ ಒಮ್ಮೆ ಕೇಳಿದ್ದಕ್ಕ, ಅದನ್ನ ಹಾಕ್ಕೊಂಡ್ರ ಉಸುರು ಕಟ್ತೈತಿ, ನಿಮ್ಮ ಮಂದಿನ ಒಲ್ಲೆ ಅಂತಾರ ಅಂದಿದ್ದ. ಕೈಗೆ ಗ್ಲೌಸ್ ಇಲ್ಲ, ಮೂಗಿಗೆ ಮಾಸ್ಕ್ ಇಲ್ಲ, ಆದ್ರ ಬೆಲ್ಲ ಮಾತ್ರ ಒಂದು ದಿನಾನೂ ತಪ್ಪಿಸಿದಾಂವಲ್ಲ. ಭಾಳ ಛಲೋ ಧಣಿ ಅಂತ ಎಲ್ಲಾರೂ ಹೊಗಳ್ತಿದ್ರು.

ನಮ್ಮವರು ಬೆಲ್ಲಾ ಭಾಳ ತಿಂತಿದ್ರು. ನಾ ಬಳ್ಯಾಕ ಹೋದಾಗ ಸೆರಗಿನಾಗ ಕಟ್ಟಿಕೊಂಡು ಬಂದು ಮನ್ಯಾಗೂ ಕೊಡ್ತಿದ್ನಿ. ಅವರು ಬರಬರ್ತ ಒಣಗಾಕತ್ತಿದ್ರು. ಕೊಡಪಾನದ ಹಂತೇಕ ಕುಂತು ನೀರು ಕುಡದು ಕುಡದು ಹೊರಗ ಹೋಗಿ ಬರ್ತಿದ್ರು. ವಿಜಯಪುರದ ಬ್ಯಾಸಗಿ, ಅದರಾಗ ಸಿಮೆಂಟಿನ ಕಾವು, ನೀರಡಿಕಿ ಆಗದ ಏನಾಗ್ತೈತಿ ಅಂತ ಎಲ್ಲಾರೂ ಅಂದ್ರು. ಗ್ಯಾಂಗಿನಾಗ ಯಾರಿಗೂ ಅದು ರೋಗ ಅನಸಲಿಲ್ಲ. ಸಕ್ಕರಿ ರೋಗ ಅಂದ್ರ ಕುಂತು ಉಣ್ಣೋರಿಗೆ, ಗಾಂಧಿ ಚೌಕದ ಗಾದಿ ಮ್ಯಾಲಿನ ಸಾವಕಾರರಿಗೆ ಬರೂದು ಅಂತ ನಮ್ಮ ಮಂದಿ ತಿಳಕೊಂಡಿದ್ರು.

ಒಂದು ಸಲ ಮಳಿ ಹೊತ್ತಲ್ಲದ ಹೊತ್ತಿನಾಗ ಬಂತು. ಗೂಡ್ಸ್ ಗಾಡಿನೂ ಅದರ ಬೆನ್ನ ಹತ್ತಿ ಬಂತು. ಒಂದು ವ್ಯಾಗನ್ನಿನ ಮ್ಯಾಲಿನ ತಗಡಿಗೆ ಜಂಗ ಹಿಡದು ತೂತು ಬಿದ್ದಿತ್ತು. ಬಾಗಲಾ ತೆರದ್ರ ಮ್ಯಾಲಿನ ಚೀಲ ನೆನದು ಒಡದಾವ, ಕೆಳಗ ನೆಲದ ತುಂಬ ಸಿಮೆಂಟಿನ ರಾಡಿ. ಅಂಥಾದ್ದರಾಗ ಇಳ್ಯಾಕ ಯಾರೂ ಮನಸು ಮಾಡಲಿಲ್ಲ. ಆದ್ರ ರೈಲ್ವೆದವರು ಕೊಟ್ಟ ವ್ಯಾಳ್ಯಾದೊಳಗ ಗಾಡಿ ಖಾಲಿ ಆಗಲಿಲ್ಲಂದ್ರ ಗುತ್ತಿಗೆದಾರಗ ದಂಡ ಬೀಳ್ತೈತಿ. ಅಂವ ಛತ್ರಿ ಹಿಡಕೊಂಡು ಕಟ್ಟಿ ಮ್ಯಾಲ ನಿಂತು ಒದರಾಕತ್ತಿದ್ದ. ನಮ್ಮವರು ಪ್ಯಾಂಟು ಮಡಚಿ ಮೊದಲ ಇಳದ್ರು. ಗಟ್ಟಿ ಆಳು ಅಂತ ಹೆಸರಿತ್ತಲ್ಲ, ಆ ಹೆಸರು ಉಳಿಸಿಕೊಳ್ಳಬೇಕಲ್ಲ.

ಹಸಿ ಸಿಮೆಂಟ ಸುಡ್ತೈತಿ. ಬೆಂಕಿ ಹಂಗ ಚುರ್ ಅಂತ ಸುಡಂಗಿಲ್ಲ, ಸಾವಕಾಶ ತಿಂತೈತಿ. ಅವತ್ತು ಆ ವ್ಯಾಗನ್ನಿಗೆ ಇಳದವರ ಕಾಲೆಲ್ಲಾ ಬೆಳ್ಳಗಾಗಿ, ಮುದುಡಿ, ಬೆರಳ ಸಂದಿ ಬಿಚ್ಚಿದ್ವು. ಎಲ್ಲಾರೂ ಕೊಬ್ಬರಿ ಎಣ್ಣಿ ಹಚ್ಚಿ, ಗುತ್ತಿಗೆದಾರನ ಮನಿತನ ಜಾಲಾಡಿ ಬೈದು, ನಾಕು ದಿನದಾಗ ನೆಟ್ಟಗಾದ್ರು. ನಮ್ಮವರದು ಆಗಲಿಲ್ಲ. ಹೆಬ್ಬಟ್ಟಿನ ಬುಡದಾಗ ಒಂದು ಗಾಯ ಕಣ್ಣು ತೆರಕೊಂಡು ಕುಂತಿತ್ತು. ನಾ ದಿನಾ ಕೇಳ್ತಿದ್ನಿ, ನೋವೈತೇನ್ರಿ ಅಂತ. ಒಂದಿಷ್ಟೂ ಇಲ್ಲ ಅಂತಿದ್ರು. ನೋವಿಲ್ಲದ ಗಾಯ ಒಣಗೋ ಗಾಯ ಅಂತ ಮುಕಾದಮ ಹೇಳಿದ. ಗ್ಯಾಂಗಿನವರೂ ಹೌದಂದ್ರು. ಅಷ್ಟ ದೊಡ್ಡ ಗಾಯ ಇಟ್ಟುಕೊಂಡು ಮಾರಿ ಕಿವುಚದ ಹಲಗಿ ಏರ್ತಾನಲ್ಲ ಅಂತ ಇನ್ನೂ ಹೊಗಳಿದ್ರು. ನನಗೂ ಒಳಗೊಳಗ ಹೆಮ್ಮಿ ಅನಿಸಿತ್ತು.

ಒಂದು ದಿನ ಮಧ್ಯಾಹ್ನ ನಾ ಶೆಡ್ಡಿನ ಕಟ್ಟಿ ಬಳ್ಯಾಕತ್ತಿದ್ನಿ. ಉದುರಿದ ಹಿಟ್ಟಿನ ಮ್ಯಾಲ ಹಮಾಲರ ಹೆಜ್ಜಿ ಮೂಡಿರ್ತಾವ, ಎಲ್ಲಾ ಹಲಗಿ ಕಡೆ ಮಾರಿ ಮಾಡಿದ ಹೆಜ್ಜಿ. ಅದರಾಗ ಒಂದು ಹೆಜ್ಜಿಯ ಹೆಬ್ಬಟ್ಟಿನ ಕೆಳಗ ಹಸಿ ಆಗಿತ್ತು. ಆ ಕಾಲಿನ ಮುಂದಿನ ಹೆಜ್ಜಿಗೂ ಹಸಿ, ಅದರ ಮುಂದಿನದ್ದಕ್ಕೂ ಹಸಿ. ಹಿಟ್ಟು ಅಲ್ಲಲ್ಲೆ ಗಡ್ಡಿ ಕಟ್ಟಾಕತ್ತಿತ್ತು. ದೂರ ಸರದು ನಿಂತ ಆ ಹೆಬ್ಬಟ್ಟು ಯಾರದಂತ ನನಗ ಯಾರೂ ಹೇಳಬೇಕಾಗಿದ್ದಿಲ್ಲ. ಕಸಬರಿಗಿ ಅಲ್ಲೇ ಒಗದು ಹೋಗಿ ಅವರ ಕೈ ಹಿಡದು ಕೂಡಿಸಿ ಪಾದ ಎತ್ತಿ ನೋಡಿದ್ನಿ. ಗಾಯದಿಂದ ನೀರು ಸೋರಾಕತ್ತಿತ್ತು, ಬೆರಳಿನ ತುದಿ ಕರ್ರಗಾಗಿತ್ತು. ಅವರಿಗೆ ಅದರ ಖಬರ ಇದ್ದಿದ್ದಿಲ್ಲ. ಕಾಲು ಬಿಡು, ಲಾರಿ ನಿಂತೈತಿ ಅಂತ ನನಗ ಗದರಿಸಿದ್ರು.

ಮರುದಿನ ಹೊಡದಾಡಿ ದವಾಖಾನಿಗೆ ಕರಕೊಂಡು ಹೋದ್ನಿ. ಸರ್ಕಾರಿ ದವಾಖಾನಿ, ಪಾಳಿ ಹಚ್ಚಿ ನಿಂತು ನಿಂತು ಸಾಕಾಗಿ ಹೋಗಿತ್ತು. ಒಳಗ ಒಬ್ಬ ಡಾಕ್ಟರ್ ಬಾಯಿ, ಗಂಡನ ಮನಿಗೆ ಹೋದ ನಮ್ಮ ಮಗಳ ವಾರಿಗಿಯಾಕಿ ಇರಬೇಕು. ಆಕಿ ಸೂಜಿ ತಗೊಂಡು ಪಾದಕ್ಕ ಚುಚ್ಚಿ ನೋಡ್ತೇನಿ, ಗೊತ್ತಾದಾಗ ಹೇಳ್ರಿ ಅಂದ್ಳು. ನಮ್ಮವರು ಕಿಟಕಿ ಕಡೆ ಮಾರಿ ಮಾಡಿ ಕುಂತ್ರು. ಆಕಿ ಚುಚ್ಚಿದ್ಳು, ಸರಿಸಿ ಮತ್ತ ಚುಚ್ಚಿದ್ಳು, ಹಿಮ್ಮಡಾ ತನಕ ಚುಚ್ಚಿದ್ಳು. ನಾ ನೋಡಾಕತ್ತೇನಿ, ಒಂದು ಕಡೆ ರಕ್ತದ ಹನಿ ಸುದ್ದಾ ಬಂತು. ಇವರು ಸ್ವಲ್ಪ ಹೊತ್ತು ತಡದು ಹೊಳ್ಳಿ ನೋಡಿ ಕೇಳಿದ್ರು, "ಯಾವಾಗ ಚುಚ್ಚತೀರಿ ಬಾಯಾರ?"

ಆಕಿ ಸೂಜಿ ಕೆಳಗಿಟ್ಟು ನನ್ನ ಕಡೆ ನೋಡಿದ್ಳು.

ರಕ್ತ ತಪಾಸ ಮಾಡಿಸಿದಮ್ಯಾಲ ಗೊತ್ತಾತು, ಸಕ್ಕರಿ ರೋಗ, ಅದೂ ಇವತ್ತಿಂದಲ್ಲ. ಒಳಗಿನ ನರಾ ಸತ್ತು ಭಾಳ ದಿನ ಆಗ್ಯಾವ, ನೋವಿಲ್ಲದ್ದು ಗಟ್ಟಿ ಇದ್ದದ್ದಕ್ಕಲ್ಲ ಅಂತ ಆಕಿ ಬಿಡಿಸಿ ಹೇಳಿದ್ಳು. ಏನೇನು ತಿಂತಾರ ಅಂತ ಕೇಳಿದ್ಳು. ನಾ ಬೆಲ್ಲದ ಮಾತು ಹೇಳಿದ್ನಿ. ಆಕಿ ನಂಬಲಿಲ್ಲ. ಯಾರು ಕೊಡ್ತಾರ, ಯಾಕ ಕೊಡ್ತಾರ, ಎಲ್ಲಾರಿಗೂ ಕೊಡ್ತಾರೇನು ಅಂತ ತಿರುತಿರುಗಿ ಕೇಳಿದ್ಳು. ಬೆಲ್ಲಕ್ಕೂ ಎದಿಯೊಳಗಿನ ಧೂಳಿಗೂ ಸಂಬಂಧ ಇಲ್ಲ, ಹೊಟ್ಟಿಗೆ ಹೋಗೂ ದಾರಿ ಬ್ಯಾರೆ ಉಸುರಿನ ದಾರಿ ಬ್ಯಾರೆ ಅಂದ್ಳು. ಸಾಲ್ಯಾಗ ನಾನೂ ಅದನ್ನ ಓದಿದ್ನಿ, ಚಿತ್ರಾನೂ ತಗದಿದ್ನಿ. ಶೆಡ್ಡಿನಾಗ ಆ ಚಿತ್ರ ನನಗ ಒಮ್ಮೆನೂ ನೆನಪಾಗಿದ್ದಿಲ್ಲ.

ಆಮ್ಯಾಲ ಆಕಿ ಮುಖ್ಯ ಮಾತಿಗೆ ಬಂದ್ಳು. ಹೆಬ್ಬಟ್ಟು ಸತ್ತೈತಿ. ಅದನ್ನ ಈಗ ತಗದ್ರ ಪಾದ ಉಳೀತೈತಿ. ಬಿಟ್ರ ವಿಷ ಮ್ಯಾಲ ಏರ್ತೈತಿ, ಆಮ್ಯಾಲ ಎಲ್ಲಿ ತನಕ ತಗೀಬೇಕಾಗ್ತೈತೋ ಹೇಳಾಕ ಬರಂಗಿಲ್ಲ. ಇವತ್ತ ಅಡ್ಮಿಟ್ ಆಗ್ರಿ ಅಂದ್ಳು. ನಮ್ಮವರು ಎಲ್ಲಾ ಸಮಾಧಾನದಿಂದ ಕೇಳಿದ್ರು. ಕೇಳಿ ಎದ್ದು ನಿಂತ್ರು.

"ಹೆಬ್ಬಟ್ಟು ಇಲ್ಲದ ಹಲಗಿ ಹ್ಯಾಂಗ ಹತ್ತಲ್ರಿ?"

ಬ್ಯಾರೆ ಕೆಲಸ ಮಾಡ್ರಿ ಅಂತ ಆಕಿ ಅಂದ್ಳು. ಆಕೀದೇನೂ ತಪ್ಪಿಲ್ಲ, ಎಲ್ಲಾರೂ ಅನ್ನೂ ಮಾತ ಅದು. ಇವರು ನಕ್ಕು, ಗಾಯಕ್ಕ ಕಟ್ಟಿದ್ದ ಬಿಳಿ ಪಟ್ಟಿ ಒಮ್ಮೆ ನೋಡಿಕೊಂಡು, ಸಾವಕಾಶ ಹೊರಗ ನಡದ್ರು.

ದವಾಖಾನಿ ಮೆಟ್ಟಲ ಮ್ಯಾಲ ನಾ ಆಡಿದ ಮಾತು ಇಲ್ಲಿ ಬರಿಯಾಕ ಬರಂಗಿಲ್ಲ. ಹೆಬ್ಬಟ್ಟಿನ ಸೊಕ್ಕು ಹೊತ್ತುಕೊಂಡು ಹೊಲಕ್ಕ ಹೋಗಿ ಮಲಕೋ ಹೋಗು ಅಂದ್ನಿ, ಏಕವಚನದಾಗ ಅಂದ್ನಿ, ಮಂದಿ ನಿಂತು ನೋಡಿದ್ರು. ಅವರು ಸಿಟ್ಟಾಗಲಿಲ್ಲ. ಬ್ಯಾರೆ ಕೆಲಸ ಅಂದ್ರ ಯಾವುದಬೇ, ನೀನ ಹೇಳು, ನಾ ಮಾಡ್ತೇನಿ ಅಂತ ಕೇಳಿದ್ರು. ನಮ್ಮೂರು ಕಳ್ಳಕವಟಗ್ಯಾಗ ಇದ್ದ ತುಂಡು ಹೊಲಾ ಮೈದುನ ನೋಡ್ಕೊಳ್ಳಾಕತ್ತಿದ್ದ, ಅದು ಅವನ ಮನಿಗೇ ಸಾಲ್ತಿದ್ದಿಲ್ಲ. ಚೀಲ ಹೊರೂದು ಬಿಟ್ರ ಇವರಿಗೆ ಬ್ಯಾರೆ ಏನೂ ಬರ್ತಿದ್ದಿಲ್ಲ. ನಾ ಅವರ ಹಿಂದಿಂದ ನಡದ್ನಿ. ಗುಳಿಗಿ ಕೊಟ್ಟಿದ್ರು, ಅವನ್ನ ಸೆರಗಿಗೆ ಕಟ್ಟಿಕೊಂಡಿದ್ನಿ.

ಬೆಲ್ಲಾ ಬಿಡಿಸಿದ್ನಿ. ಮನ್ಯಾಗ ಬಿಡಿಸಿದ್ನಿ, ಶೆಡ್ಡಿನಾಗ ಬಿಡಸಾಕ ಆಗಲಿಲ್ಲ. ನಾ ನಿಂತು ಎಲ್ಲಾರಿಗೂ ಒದರಿ ಹೇಳಿದ್ನಿ, ಇದು ಔಷಧ ಅಲ್ರೋ, ಇವರ ಪಾಲಿಗೆ ವಿಷ ಅಂತ. ಗ್ಯಾಂಗಿನವರು ಹೌದು ಅಕ್ಕಾ, ಹೌದು ಅಕ್ಕಾ ಅಂದ್ರು. ಆದ್ರ ಧೂಳಿಯೊಳಗ ಇಳಿಯೂ ಮುಂದ ಬೆಲ್ಲಾ ತಿನ್ನದವನ್ನ ನೋಡಿದ್ರ ಅವರಿಗೆ ಹೆದರಿಕಿ. ಬೆಲ್ಲಾ ಬಿಟ್ಟಾಂವ ವರ್ಷ ತುಂಬೂದರಾಗ ರಕ್ತ ಕೆಮ್ಮಿ ಸಾಯ್ತಾನ ಅಂತ ಅವರ ತಲ್ಯಾಗ ಹೊಕ್ಕಿತ್ತು. ನನ್ನ ಬೆನ್ನ ಹಿಂದ ಒಂದು ಸಣ್ಣ ಹೆಂಟಿ ಇವರ ಕೈಗೆ ಬೀಳ್ತಿತ್ತು. ಪ್ರೀತಿಯಿಂದನ ಕೊಡ್ತಿದ್ರು. ಅವರನ್ನ ಏನಂತ ಬೈಯಲಿ?

ಹೆಬ್ಬಟ್ಟು ತಗಸೂದು ಬ್ಯಾಡ, ಬಬಲೇಶ್ವರದ ಆಚಿ ಒಬ್ಬ ನಾಟಿ ಔಷಧದಾಂವ ಅದಾನ, ಎಂಥಾ ಕೊಳತ ಗಾಯ ಇದ್ರೂ ಕೂಡಿಸ್ತಾನ ಅಂತ ಮುಕಾದಮ ಹೇಳಿದ. ತಾನ ಗಾಡಿ ಮ್ಯಾಲ ಕೂಡಿಸಿಕೊಂಡು ಹೋದ. ನಾನೂ ಒಲ್ಲೆ ಅನ್ನಲಿಲ್ಲ. ಬೆರಳೂ ಉಳದು ಜೀವಾನೂ ಉಳೀತೈತಿ ಅಂದ್ರ ಯಾರು ಬ್ಯಾಡ ಅಂತಾರ? ಆ ಮನಷ್ಯಾ ಕರ್ರಗಿನ ಲೇಪ ಹಚ್ಚಿ, ಎಲಿ ಸುತ್ತಿ, ಬಿಗದು ಕಟ್ಟಿ ಕಳಿಸಿದ. ಅಮಾವಾಸಿ ತನಕ ಬಿಚ್ಚಬಾರದು, ಗಾಳಿ ತಾಗಿದ್ರ ಔಷಧದ ಗುಣ ಹೋಗ್ತೈತಿ ಅಂತ ಹೇಳಿದ್ದನಂತ. ಗಾಯ ನನ್ನ ಕಣ್ಣಿಂದ ಮರಿ ಆದದ್ದು ಹಂಗ. ಬಿಚ್ಚಿ ನೋಡೂನು ಅಂದ್ರ ನಮ್ಮವರು ಕೈಗೆ ಹೊಡೀತಿದ್ರು. ವಾರದಾಗ ನಾತಾ ಸುರು ಆತು. ಔಷಧದ ನಾತ ಅಂತ ಅವರಂದ್ರು. ಚಳಿಜ್ವರ ಬಂತು. ಔಷಧ ಕೆಲಸ ಮಾಡಾಕತ್ತೈತಿ ಅಂದ್ರು.

ಅಂಥಾ ಜ್ವರದಾಗ ಮತ್ತೊಂದು ಗೂಡ್ಸ್ ಗಾಡಿ ಬಂತು. ನಾ ಬಾಗಲಿಗೆ ಅಡ್ಡ ನಿಂತಿದ್ನಿ. ಹಲಗಿ ಹತ್ತಂಗಿಲ್ಲ, ಬರೇ ವ್ಯಾಗನ್ನಿನೊಳಗ ನಿಂತು ಚೀಲ ಎತ್ತಿ ಕೊಡ್ತೇನಿ ಅಂತ ಆಣಿ ಮಾಡಿ ಹೋದ್ರು. ಸಿಮೆಂಟ್ ಚೀಲದ ಪ್ಲ್ಯಾಸ್ಟಿಕ್ಕಿನ ತುಂಡು ಪಾದಕ್ಕ ಸುತ್ತಿ ಸುತಳಿ ಕಟ್ಟಿಕೊಂಡಿದ್ರು. ಅವರು ಆಣಿ ಮುರದ್ದಕ್ಕ ನನಗ ಸಿಟ್ಟಿಲ್ಲ. ನಾಕು ತಾಸು ಚೀಲ ಎತ್ತಿ ಕೊಡ್ತಾ, ಬ್ಯಾರೆಯವರು ಹಲಗಿ ಮ್ಯಾಲ ತಡವರಿಸೂದು ನೋಡ್ತಾ ನಿಂದರೂದು ಅವರ ಕೈಲಿ ಆಗಿರಲಿಕ್ಕಿಲ್ಲ. ಲಾರಿ ತುಂಬಾಕ ಬಂದಿತ್ತು, ಹಲಗಿ ನಿಚ್ಚಣಿಕಿ ಆಗಿತ್ತು. ಪಾದಕ್ಕ ಕಟ್ಟಿದ್ದ ಪ್ಲ್ಯಾಸ್ಟಿಕ್ ಬಿಚ್ಚಿ, ಎಲಿ ಕಟ್ಟಿದ್ದು ಬಿಟ್ರ ಬರಿಗಾಲು ಮಾಡಿಕೊಂಡು, ಬೆನ್ನ ಮ್ಯಾಲ ಚೀಲ ಇಡಿಸ್ಕೊಂಡು ಹತ್ತಿದ್ರು.

ನಾ ಕೆಳಗಿಂದ ನೋಡಿದ್ನಿ. ನಡು ಹಲಗಿ ತನಕ ನೆಟ್ಟಗ ಹೋದ್ರು. ಆಮ್ಯಾಲ ಆ ಕಾಲು ಮುಂದಿಟ್ರು, ಅದು ಹಲಗಿ ಮ್ಯಾಲ ಬೀಳಲಿಲ್ಲ, ಅಂಚಿನ ಆಚಿ ಗಾಳಿಗೆ ಬಿತ್ತು. ಪಾದ ಎಲ್ಲೈತಿ ಅಂತ ಪಾದಕ್ಕ ಗೊತ್ತಿದ್ದಿಲ್ಲ. ಚೀಲ ಮೊದಲ ಬಿದ್ದು ಒಡೀತು, ಅದರ ಮ್ಯಾಲ ಅವರು ಬಿದ್ರು. ಬಿದ್ದದ್ದರಿಂದ ಏನೂ ಪೆಟ್ಟಾಗಲಿಲ್ಲ. ಮಾರಿ ಎಲ್ಲಾ ಬೂದಿ ಬಳಕೊಂಡಂಗಾಗಿ ಎದ್ದು ಕುಂತು, ನಗಾಕ ನೋಡಿದ್ರು. ಮುಕಾದಮ ಓಡಿ ಬಂದು ಕಾಲಿನ ಎಲಿ, ಲೇಪ ಎಲ್ಲಾ ಕಿತ್ತು ನೋಡಿದ. ಒಳಗ ಎಲುವು ಬೆಳ್ಳಗ ಕಂಡಿತು. ಹೆಬ್ಬಟ್ಟು ಲೇಪದ ಜೋಡಿನ ಅವನ ಕೈಗೆ ಬಂತು.

ಮುಕಾದಮ ಅಲ್ಲೇ ಹಳಿ ಮಗ್ಗಲಕ ಕುಂತು ಎದಿ ಬಡಕೊಂಡು ಅತ್ತ. ನಾ ಅಳಲಿಲ್ಲ. ಲಾರಿ ಡ್ರೈವರಗ ಹೇಳಿ, ತುಂಬಾಕ ಬಂದ ಆ ಲಾರ್ಯಾಗ, ಸಿಮೆಂಟ್ ಚೀಲದ ಮ್ಯಾಲ ಅವರನ್ನ ಹಾಕ್ಕೊಂಡು ದವಾಖಾನಿಗೆ ಹೋದ್ವಿ.

ಅದ ಡಾಕ್ಟರ್ ಬಾಯಿ ಇದ್ಳು. ಗುರುತು ಹಿಡದ್ಳು. ಒಂದು ಮಾತು ಬೈಯಲಿಲ್ಲ, ಬೈದಿದ್ರ ಛಲೋ ಆಗ್ತಿತ್ತು. ನಮ್ಮವರು ಸ್ಟ್ರೆಚರಿನ ಮ್ಯಾಲಿಂದ ಕೈ ಎತ್ತಿ ಆಕಿನ್ನ ಕರದು, ಸಣ್ಣ ಹುಡುಗರು ಮಾಸ್ತರಗ ಹೇಳಿದಂಗ ಹೇಳಿದ್ರು, "ಬಾಯಾರ, ನೀವು ಹೇಳಿದಂಗ ಆಗ್ಲಿ. ಹೆಬ್ಬಟ್ಟು ತಗದು ಬಿಡ್ರಿ."

ಹೆಬ್ಬಟ್ಟು ಆಗಲೇ ಹೋಗಿದ್ದು ಅವರಿಗೆ ಗೊತ್ತಿದ್ದಿಲ್ಲ. ಆಕಿ ಅವರ ಮಾರಿ ನೋಡಲಿಲ್ಲ. ನನ್ನ ಹೊರಗ ಕರದು, ಮೊಣಕಾಲಿನ ಕೆಳಗಿಂದ ತಗೀಬೇಕು, ಇವತ್ತ ತಗೀಬೇಕು, ತಗದ್ರೂ ಜೀವದ ಖಾತ್ರಿ ಕೊಡಾಕ ಬರಂಗಿಲ್ಲ ಅಂದ್ಳು. ಸಹಿ ನಾನ ಮಾಡಿದ್ನಿ. ಒಳಗ ಹೋಗಿ ಅವರಿಗೆ ಹೇಳಾಂವ ಯಾರು? ಅದನ್ನೂ ನಾನ ಹೇಳಿದ್ನಿ. ಅವರು ಮ್ಯಾಲಿನ ಫ್ಯಾನು ನೋಡಿದ್ರು. ಆಮ್ಯಾಲ, ಮೊಣಕಾಲು ಉಳೀತೈತಲ್ಲ ಅಂತ ಕೇಳಿದ್ರು. ಉಳೀತೈತಿ ಅಂದ್ನಿ.

ಒಳಗ ಒಯ್ದ ಮ್ಯಾಲ ನಾ ಹೊರಗ ನೆಲದ ಮ್ಯಾಲ ಕುಂತಿದ್ನಿ. ಏನೇನೋ ವಿಚಾರ ಬರ್ತಾವ ಅಂತಾರ, ನನಗ ಒಂದೂ ಬರಲಿಲ್ಲ. ಕಡೀಕ ಒಬ್ಬಾಂವ ಬಾಗಲಾ ತೆರದು, ಆಪರೇಷನ್ ಆತು, ಉಸುರಾಡಾಕತ್ತಾರ ಅಂತ ಹೇಳಿ ಹೋದ. ಆಗ ಒಮ್ಮೆಲೆ ಹೊಳೀತು, ಕಾಲು ಎಲ್ಲಿ? ಎದ್ದು ಹೋಗಿ ಕೇಳಿದ್ನಿ. ಅಂಥಾವೆಲ್ಲ ದವಾಖಾನಿ ಗಾಡ್ಯಾಗ ಹೋಗ್ತಾವ, ಬ್ಯಾರೆ ಕಡೆ ಸುಡ್ತಾರ ಅಂದ. ಇಲ್ಲಪ್ಪಾ, ನನಗ ಬೇಕು ಅಂದ್ನಿ. ಯಾಕ ಅಂತ ಕೇಳಿದ. ಇಷ್ಟು ವರ್ಷ ನಮ್ಮ ಹೊಟ್ಟಿ ಹೊರದ ಕಾಲು, ಕಸದ ಗಾಡ್ಯಾಗ ಹೋಗೂದು ಬ್ಯಾಡ ಅಂದ್ನಿ. ಅವರವರಾಗ ಮಾತಾತು. ಡಾಕ್ಟರ್ ಬಾಯಿನ ಬಂದು, ಕೊಟ್ಟು ಕಳಸ್ರಿ ಅಂತ ಹೇಳಿದ್ಳು.

ಸುತ್ತಾಕ ಹೊಸಾ ಅರಿವಿ ಬೇಕಿತ್ತು. ಗಾಂಧಿ ಚೌಕಕ್ಕ ಹೋದ್ನಿ. ಸಂಜಿ ಗದ್ದಲ, ಆಟೋದವರ ಒದರಾಟ, ಲಗ್ನದ ಸೀರಿ ಖರೀದಿಗೆ ಬಂದ ಮಂದಿ. ಬಿಳಿ ಅರಿವಿ ಕೊಡ್ರಿ ಅಂದ್ರ ಅಂಗಡಿಯಾಂವ ನನ್ನ ಮಾರಿ ನೋಡಿ ಹೆಣಕ್ಕ ಅಂತ ತಿಳಕೊಂಡು, ದನಿ ಸಣ್ಣ ಮಾಡಿ, ಹಿರ್ಯಾರದೋ ಹುಡುಗರದೋ ಅಂತ ಕೇಳಿದ. ಅಳತಿಗೆ ಕೇಳಿದ್ದು ಅಂವ. ಸೀರಿ ಮ್ಯಾಲ ನನ್ನ ಮೊಣಕಾಲಿಗೆ ಕೈ ಇಟ್ಟು, ಅಲ್ಲಿಂದ ಪಾದದ ತನಕ ತೋರಿಸಿದ್ನಿ. ಅವನಿಗೆ ತಿಳೀಲಿಲ್ಲ. ಕೂಸು ಅಂತ ತಿಳಕೊಂಡ. ಪಾಪ ಅಂತ ಅಂದು ಅಳತಿ ಮಾಡದನ ಹರದು ಕೊಟ್ಟ. ಅಂವ ತಿಳಕೊಂಡದ್ದನ್ನ ನಾ ತಿದ್ದಲಿಲ್ಲ.

ಮರುದಿನ ಮುಂಜಾನೆ ಗ್ಯಾಂಗಿನವರು ಟೆಂಪೋ ತಗೊಂಡು ಬಂದ್ರು. ಶೆಡ್ಡಿನಾಗ ಗಾಡಿ ಬಂದು ನಿಂತಿತ್ತು, ಗುತ್ತಿಗೆದಾರ ಫೋನ್ ಮ್ಯಾಲ ಫೋನ್ ಮಾಡಾಕತ್ತಿದ್ದ, ಮುಕಾದಮ ಎತ್ತಲಿಲ್ಲ. ದವಾಖಾನಿಯವರು ಬಿಳಿ ಅರಿವ್ಯಾಗ ಸುತ್ತಿದ ಕಾಲಿನ ಗಂಟು ಮುಕಾದಮನ ಕೈಗೆ ಕೊಟ್ರು. ರೂಢಿ ನೋಡ್ರಿ, ಅಂವ ಅದನ್ನ ಬೆನ್ನಿಗೆ ಹೊರಾಕ ತಿರುಗಿದ. ತಿರುಗಿದಾಂವ ಅಲ್ಲೇ ನಿಂತು, ಮುಂದಕ್ಕ ತಂದು ಎದಿಗೆ ಅವಚಿಕೊಂಡ. ಟಿಕೋಟಾ ದಾಟಿ ಕಳ್ಳಕವಟಗಿ ಮುಟ್ಟೂ ತನಕ ಯಾರ ಕೈಗೂ ಕೊಡಲಿಲ್ಲ. ದಾರಿಯುದ್ದಕ್ಕ ಎಡಕ್ಕ ಬಲಕ್ಕ ಹೊಸಾ ಮನಿ, ಹೊಸಾ ಅಂಗಡಿ, ದ್ರಾಕ್ಷಿ ತ್ವಾಟದ ಸಿಮೆಂಟ್ ಕಂಬ.

ಊರಾಗ ಹಿರೇರು ಒಪ್ಪಲಿಲ್ಲ. ಜೀವಂತ ಇದ್ದಾಂವನ ಕಾಲು ಮಣ್ಣಾಗ ಇಟ್ರ ಉಳದ ಮೈನೂ ಅದು ಕರೀತೈತಿ ಅಂದ್ರು. ನಾ ಅಲ್ಲೇ ನಿಂತು, ಕರದ್ರ ಕರೀಲಿ, ನೀವೇನು ಹೊತ್ತು ತರೋರೇನು ಅಂತ ಹರಕೊಂಡು ಬಿದ್ನಿ. ಮೈದುನ ಗುದ್ದಲಿ ತಂದ. ಹೊಲದಾಗ ನಮ್ಮ ಅತ್ತೀನ್ನ ಹೂಳಿದ್ದರ ಮಗ್ಗಲಕ ನಾ ಜಾಗಾ ತೋರಿಸಿದ್ನಿ, ಇಲ್ಲಿ ತೋಡು ಅಂತ ಗೆರಿ ಎಳದು ಕೊಟ್ನಿ. ನಾವು ಬೌದ್ಧರು, ಸತ್ತವರ ಮುಂದ ಮೇಣಬತ್ತಿ ಹಚ್ಚಿ ವಂದನಾ ಹೇಳ್ತೇವಿ. ಕಾಲಿಗೆ ಹೇಳೂದೋ ಬ್ಯಾಡೋ ಯಾರಿಗೂ ತಿಳೀಲಿಲ್ಲ. ಮೈದುನ ಮೇಣಬತ್ತಿ ಹೊರಗ ತಗದ, ಮತ್ತ ಕಿಸೆದಾಗ ಇಟ್ಟುಕೊಂಡ. ಗ್ಯಾಂಗಿನವರು ಒಬ್ಬೊಬ್ಬರ ಬಂದು ಒಂದೊಂದು ಬೊಗಸಿ ಮಣ್ಣು ಹಾಕಿದ್ರು. ಮಣ್ಣು ಹಾಕುಮುಂದ ಎಲ್ಲಾರೂ ಚಪ್ಪಲಿ ಬಿಟ್ಟಿದ್ರು. ಮುಗಿಸಿ ಗಾಡಿ ಖಾಲಿ ಮಾಡಾಕ ಅವರು ಲಗೂ ಹೊಳ್ಳಿ ಹೋದ್ರು.

ನಾ ಬಸ್ಸಿಗೆ ವಿಜಯಪುರಕ್ಕ ಬಂದ್ನಿ. ದವಾಖಾನ್ಯಾಗ ಅವರಿಗೆ ಎಚ್ಚರಿತ್ತು. ಚಾದರದ ಕೆಳಗ ಒಂದು ಕಡೆ ಉಬ್ಬು, ಒಂದು ಕಡೆ ಸಪಾಟ. ನನ್ನ ಕೈಯಾಗಿನ ಉಗುರಿನ ಸಂದ್ಯಾಗ ಕರಿಮಣ್ಣು ಉಳದಿತ್ತು, ಅದನ್ನ ನೋಡಿದ್ರು. ಮುಚ್ಚಿಡಾಕ ಹೋಗಲಿಲ್ಲ ನಾ. ಎಲ್ಲಿ ಇಟ್ಟಿ ಅಂತ ಕೇಳಿದ್ರು. ಊರಾಗ, ಅತ್ತಿ ಮಗ್ಗಲಕ ಅಂದ್ನಿ. ಅವರು ಕಣ್ಣು ಮುಚ್ಚಿದ್ರು, ನಿದ್ದಿ ಹತ್ತಿತು ಅಂತ ನಾ ತಿಳಕೊಂಡಿದ್ನಿ.

"ನನಗ ಜಾಗಾ ಉಳದೈತೇನಬೇ ಅಲ್ಲಿ?"

ಏನ ಮಾತ್ರೀ ಅವು, ಬಿಡ್ರಿ ಅನ್ನಬಹುದಿತ್ತು. ಸುಳ್ಳಾಡಾಕ ನನಗ ಬಾಯಿ ಬರಲಿಲ್ಲ.

"ನಿಮ್ಮ ಕಾಲು ಬರೂ ಕಡೀಗೆ ಅದನ್ನ ಇಡಿಸೇನ್ರಿ. ತಲಿ ಕಡೆ ಜಾಗಾ ಬಿಟ್ಟೇನಿ, ಉಳದದ್ದು ಕೂಡಸಾಕ."

ಅವರು ಹೂಂ ಅಂತ ತಲಿ ಹಾಕಿದ್ರು. ಚಾದರದ ಹೊರಗ ಕೈ ತಗದು ನನ್ನ ಕೈ ಹಿಡದು, ಛಲೋ ಮಾಡಿದಿ ಅಂದ್ರು. ಲ್ವಾಟೆದಾಗ ನೀರು ಕೇಳಿದ್ರು, ಕುಡಿಸಿದ್ನಿ. ಆಮ್ಯಾಲ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರು. ನಾ ಆ ಸಪಾಟ ಇದ್ದ ಕಡೆ, ಹಾಸಿಗಿ ಮ್ಯಾಲ ಕುಂತ್ನಿ. ಕುಂದರಾಕ ಜಾಗಾ ಆಗಿತ್ತು.